ಟಿಎಫ್‌ಟಿಪಿ ಮೊದಲ ಸಲ ಬಳಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೂಟರ್ ಕೆಟ್ಟಾಗ, ಎಂಬೆಡೆಡ್ ಬೋರ್ಡ್ ತಂದಾಗ, ಐಪಿ ಫೋನ್ ಅಥವಾ ನೆಟ್‌ವರ್ಕ್ ಬೂಟ್ ಸಿದ್ಧಮಾಡುವಾಗ ಟಿಎಫ್‌ಟಿಪಿ ಎದುರಾಗಿ ತಲೆ ಕೆರೆದುಕೊಳ್ಳುವವರಿಗಾಗಿ ಈ ಪುಟ. ಕಮಾಂಡುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಉದಾಹರಣೆಗಳಲ್ಲಿ ಸರ್ವರ್‌ನ ವಿಳಾಸ 192.168.1.10 ಎಂದಿಟ್ಟುಕೊಂಡಿದ್ದೇವೆ.

ಟಿಎಫ್‌ಟಿಪಿ ಎಂದರೇನು? ಎಫ್‌ಟಿಪಿಯ ಚಿಕ್ಕ ರೂಪವೇ?

ಹೆಸರಷ್ಟೇ ಹತ್ತಿರ. ಟಿಎಫ್‌ಟಿಪಿ ಎಂದರೆ ಟ್ರಿವಿಯಲ್ ಫೈಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್. ಎಫ್‌ಟಿಪಿ, ತಲುಪಿತೇ ಎಂದು ತಾನೇ ಖಚಿತಪಡಿಸಿಕೊಳ್ಳುವ ಟಿಸಿಪಿಯ ಮೇಲೆ ಓಡುತ್ತದೆ, ಲಾಗಿನ್ ಕೇಳುತ್ತದೆ, ಫೋಲ್ಡರ್ ಪಟ್ಟಿ ತೋರಿಸುತ್ತದೆ. ಟಿಎಫ್‌ಟಿಪಿ, ಕಳಿಸಿ ಸುಮ್ಮನಾಗುವ ಯುಡಿಪಿಯ ಮೇಲೆ ಓಡುತ್ತದೆ, ಅದಕ್ಕೆ ಬರುವುದು ಎರಡೇ ಕೆಲಸ: ಹೆಸರು ಹೇಳಿದ ಫೈಲನ್ನು ಕೊಡುವುದು, ಹೆಸರು ಹೇಳಿದ ಫೈಲನ್ನು ತೆಗೆದುಕೊಳ್ಳುವುದು. ಪಾಸ್‌ವರ್ಡ್ ಇಲ್ಲ, ಪಟ್ಟಿ ಇಲ್ಲ, ಅಳಿಸುವುದು ಹೆಸರು ಬದಲಿಸುವುದು ಯಾವುದೂ ಇಲ್ಲ. ಸರ್ವರ್‌ನಲ್ಲಿ ಏನೇನಿದೆ ಎಂದು ಕೇಳುವ ದಾರಿಯೇ ಇಲ್ಲದ್ದರಿಂದ ಫೈಲಿನ ಹೆಸರು ನಿಮಗೆ ಮೊದಲೇ ಗೊತ್ತಿರಬೇಕು. ಅಕ್ಷರ ತಪ್ಪಿದರೆ ಸಿಗುವುದು "ಫೈಲ್ ನಾಟ್ ಫೌಂಡ್" ಮಾತ್ರ.

ಈಗ ಎಲ್ಲರೂ ಬಳಸುವ ಎರಡನೇ ಆವೃತ್ತಿಯ ನಿಯಮಗಳು 1992ರ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 1350ರಲ್ಲಿವೆ. ಅದರ ಹಿಂದಿನದು 1981ರ ಆರ್‌ಎಫ್‌ಸಿ 783.

ಇಷ್ಟು ಹಳೆಯದು ಇನ್ನೂ ಯಾಕೆ ಬಳಕೆಯಲ್ಲಿದೆ?

ಚಿಕ್ಕದಾಗಿರುವುದಕ್ಕೆ. ಆಪರೇಟಿಂಗ್ ಸಿಸ್ಟಮ್ ಇನ್ನೂ ಏಳದ ಹೊತ್ತಿನಲ್ಲಿ ಯಂತ್ರದ ಕೈಯಲ್ಲಿರುವುದು ಚಿಪ್‌ನಲ್ಲೇ ಬರೆದಿಟ್ಟ ಒಂದಿಷ್ಟು ರೋಮ್ ಕೋಡ್. ಟಿಸಿಪಿ ಬರೆಯಲು ಅಲ್ಲಿ ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ. ಟಿಎಫ್‌ಟಿಪಿಯನ್ನು ಕೆಲವು ನೂರು ಸಾಲುಗಳಲ್ಲಿ ಬರೆದು ಮುಗಿಸಬಹುದು. ಹಾಗಾಗಿ ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ನೆಟ್‌ವರ್ಕ್ ಕಾರ್ಡಿನ ಪಿಎಕ್ಸ್‌ಇ, ಎಂಬೆಡೆಡ್ ಬೋರ್ಡ್‌ಗಳ ಯು-ಬೂಟ್, ರೂಟರ್‌ಗಳ ಬೂಟ್‌ಲೋಡರ್ (ಮೊದಲು ಎದ್ದು ಸಿಸ್ಟಮ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ), ಸಿಸ್ಕೋ ಐಪಿ ಫೋನ್ ಎಲ್ಲದರಲ್ಲೂ ಅದು ಕುಳಿತಿದೆ. ವಿಮಾನಗಳ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ತುಂಬುವ ಎಆರ್‌ಐಎನ್‌ಸಿ 615ಎ ಎಂಬ ಮಾನದಂಡವೂ ಟಿಎಫ್‌ಟಿಪಿಯನ್ನೇ ಬಳಸುತ್ತದೆ.

ಮನೆಯಲ್ಲೋ ಆಫೀಸಿನಲ್ಲೋ ದಿನನಿತ್ಯ ಫೈಲ್ ಹಂಚಿಕೊಳ್ಳಲು ಮಾತ್ರ ಇದನ್ನು ಬಳಸಬೇಡಿ. ಅದಕ್ಕೆ ಎಸ್‌ಸಿಪಿ, ಆರ್‌ಸಿಂಕ್, ಸಾಂಬಾ ಇವೆ. ಎದುರಿನ ಯಂತ್ರಕ್ಕೆ ಬೇರೆ ಭಾಷೆ ಬಾರದಿದ್ದಾಗ ಟಿಎಫ್‌ಟಿಪಿ.

ಫೈಲ್ ಹೋಗುವಾಗ ಕೇಬಲ್‌ನಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಇದನ್ನೊಂದು ಸಲ ಸರಿಯಾಗಿ ತಿಳಿದುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಮೂಲ ನಿಯಮದಲ್ಲಿ ಐದು ಬಗೆಯ ಪ್ಯಾಕೆಟ್‌ಗಳಿವೆ: ಓದುವ ಕೋರಿಕೆ 1, ಬರೆಯುವ ಕೋರಿಕೆ 2, ಡೇಟಾ 3, ಸ್ವೀಕೃತಿ ಅಂದರೆ ಎಸಿಕೆ 4, ದೋಷ 5. ಆಮೇಲೆ ಬ್ಲಾಕ್ ಗಾತ್ರದಂಥ ಆಯ್ಕೆಗಳನ್ನು ಒಪ್ಪಿಕೊಳ್ಳಲು 6 ಸೇರಿತು. ಕ್ಲೈಂಟ್ ಯಾವುದೋ ಒಂದು ಪೋರ್ಟ್‌ನಿಂದ, 51000 ಎನ್ನಿ, ಸರ್ವರ್‌ನ ಯುಡಿಪಿ 69ಕ್ಕೆ ಓದುವ ಕೋರಿಕೆ ಕಳಿಸುತ್ತದೆ. ಸರ್ವರ್ 69ರಿಂದ ಉತ್ತರ ಕೊಡುವುದಿಲ್ಲ. ಹೊಸದೊಂದು ಪೋರ್ಟ್ ತೆರೆದು, 38412 ಎನ್ನಿ, ಅಲ್ಲಿಂದ ಮೊದಲ ಡೇಟಾ ಬ್ಲಾಕ್ ಕಳಿಸುತ್ತದೆ. ಮುಂದಿನ ಮಾತೆಲ್ಲ 51000 ಮತ್ತು 38412ರ ನಡುವೆ. 69ರ ಪಾತ್ರ ಮೊದಲ ಪ್ಯಾಕೆಟ್‌ಗೇ ಮುಗಿಯಿತು.

ಪ್ರತಿ ಬ್ಲಾಕ್‌ನಲ್ಲಿ 512 ಬೈಟ್. ಒಂದು ಬ್ಲಾಕ್‌ಗೆ ಎಸಿಕೆ ಬಂದ ಮೇಲೆಯೇ ಮುಂದಿನದು ಹೊರಡುತ್ತದೆ. ಬಾಯಿಯಲ್ಲಿರುವ ತುತ್ತು ಇಳಿದ ಮೇಲೆ ಇನ್ನೊಂದು ತುತ್ತು ಕೊಟ್ಟ ಹಾಗೆ. ಎಸಿಕೆ ಬಾರದಿದ್ದರೆ ಒಂದಿಷ್ಟು ಕಾದು ಅದೇ ಬ್ಲಾಕನ್ನು ಮತ್ತೆ ಕಳಿಸುತ್ತದೆ.

ಫೈಲ್ ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ?

512ಕ್ಕಿಂತ ಚಿಕ್ಕ ಬ್ಲಾಕ್ ಬಂದರೆ ಅದೇ ಕೊನೆಯದು. ಫೈಲ್ ಸರಿಯಾಗಿ 512ರ ಗುಣಕವಾಗಿದ್ದರೆ ಕೊನೆಗೆ ಸೊನ್ನೆ ಬೈಟ್‌ನ ಒಂದು ಡೇಟಾ ಪ್ಯಾಕೆಟ್ ಹೋಗಬೇಕು. ಸ್ವಂತ ಕ್ಲೈಂಟ್ ಬರೆಯುವವರು ಮರೆಯುವುದು ಇದನ್ನೇ. ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಫೈಲುಗಳ ಗಾತ್ರ ಹಲವು ಸಲ 512ರ ಗುಣಕವೇ ಆಗಿರುತ್ತದೆ, ಹಾಗಾಗಿ ಚಿಕ್ಕ ಪಠ್ಯ ಫೈಲಿನಲ್ಲಿ ಸರಿಯಾಗಿ ಓಡಿದ ಕೋಡ್ ಫರ್ಮ್‌ವೇರ್‌ನಲ್ಲಿ ಕೊನೆಯಲ್ಲಿ ಬಂದು ನಿಂತುಬಿಡುತ್ತದೆ.

ಉಬುಂಟು ಅಥವಾ ಡೆಬಿಯನ್‌ನಲ್ಲಿ ಸರ್ವರ್ ಹಾಕುವುದು ಹೇಗೆ?

'ಸುಡೊ ಎಪಿಟಿ ಇನ್‌ಸ್ಟಾಲ್ ಟಿಎಫ್‌ಟಿಪಿಡಿ-ಎಚ್‌ಪಿಎ' ಕೊಡಿ. ಹಾಕಿದ ಕೂಡಲೇ ಸರ್ವಿಸ್ ಓಡಲು ಶುರುವಾಗುತ್ತದೆ. ಸೆಟ್ಟಿಂಗ್ ಫೈಲ್ '/ಇಟಿಸಿ/ಡಿಫಾಲ್ಟ್/ಟಿಎಫ್‌ಟಿಪಿಡಿ-ಎಚ್‌ಪಿಎ'. ಅದರಲ್ಲಿ ನಾಲ್ಕು ಸಾಲು: ಯಾವ ಬಳಕೆದಾರನಾಗಿ ಓಡಬೇಕು, ಯಾವ ಫೋಲ್ಡರ್, ಯಾವ ವಿಳಾಸ ಮತ್ತು ಪೋರ್ಟ್, ಏನೇನು ಆಯ್ಕೆ. ಫೋಲ್ಡರ್ ಮೊದಲಿಂದ '/ಎಸ್‌ಆರ್‌ವಿ/ಟಿಎಫ್‌ಟಿಪಿ' ಎಂದಿರುತ್ತದೆ, ಆಯ್ಕೆಯಲ್ಲಿ '--ಸೆಕ್ಯೂರ್' ಇರುತ್ತದೆ. ಎರಡನ್ನೂ ಹಾಗೇ ಬಿಡಿ. ಆಯ್ಕೆಗಳ ಸಾಲಿಗೆ '--ವರ್ಬೋಸ್' ಸೇರಿಸಿ 'ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಟಿಎಫ್‌ಟಿಪಿಡಿ-ಎಚ್‌ಪಿಎ' ಎಂದರೆ ಯಾರು ಯಾವ ಫೈಲ್ ಕೇಳಿದರು ಎಂಬುದು ಲಾಗ್‌ಗೆ ಬೀಳುತ್ತದೆ. ಏನೂ ಮಾಡದಿದ್ದರೂ ಇದೊಂದನ್ನು ಮಾಡಿಟ್ಟುಕೊಳ್ಳಿ.

'--ಸೆಕ್ಯೂರ್' ಇದ್ದಾಗ ಆ ಫೋಲ್ಡರೇ ಸರ್ವರ್‌ನ ಇಡೀ ಪ್ರಪಂಚ. ಫೈಲ್ ಕೇಳುವಾಗ 'ಟೆಸ್ಟ್.ಬಿನ್' ಎಂದಷ್ಟೇ ಕೇಳಬೇಕು. ಪೂರ್ತಿ ದಾರಿ ಬರೆದು ಕೇಳಿದರೆ ಸಿಗುವುದಿಲ್ಲ.

ಬರೀ ನೆಟ್‌ವರ್ಕ್ ಬೂಟ್‌ಗೆ ಬೇಕೆಂದಾದರೆ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಸರ್ವರ್ ಸಾಕು. 'ಎನೇಬಲ್-ಟಿಎಫ್‌ಟಿಪಿ' ಒಂದು ಸಾಲು, 'ಟಿಎಫ್‌ಟಿಪಿ-ರೂಟ್=' ಜೊತೆಗೆ ಫೋಲ್ಡರಿನ ದಾರಿ ಇನ್ನೊಂದು ಸಾಲು. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಅದು ಕೊಡುವುದಕ್ಕಷ್ಟೇ, ಅಪ್‌ಲೋಡ್ ತೆಗೆದುಕೊಳ್ಳುವುದಿಲ್ಲ.

ಫೆಡೋರಾ, ರೆಡ್ ಹ್ಯಾಟ್ ಕಡೆ?

ಪ್ಯಾಕೇಜ್ ಹೆಸರು 'ಟಿಎಫ್‌ಟಿಪಿ-ಸರ್ವರ್', ಫೋಲ್ಡರ್ '/ವಿಎಆರ್/ಎಲ್‌ಐಬಿ/ಟಿಎಫ್‌ಟಿಪಿಬೂಟ್', ಚಾಲೂ ಮಾಡಬೇಕಾದ್ದು 'ಟಿಎಫ್‌ಟಿಪಿ.ಸಾಕೆಟ್'. ಫೈರ್‌ವಾಲ್‌ಡಿಯಲ್ಲಿ 'ಟಿಎಫ್‌ಟಿಪಿ' ಎಂಬ ಸಿದ್ಧ ಸರ್ವಿಸ್ ಇದೆ, ಅದನ್ನು ಸೇರಿಸಿ.

ಇಲ್ಲಿ ಕಾಲಿಗೆ ತೊಡರುವುದು ಎಸ್‌ಇಲಿನಕ್ಸ್, ಅಂದರೆ ಪ್ರತಿ ಫೈಲಿಗೂ ಲೇಬಲ್ ಹಚ್ಚಿ ಯಾರು ಮುಟ್ಟಬಹುದು ಎಂದು ನಿರ್ಧರಿಸುವ ಭದ್ರತಾ ವ್ಯವಸ್ಥೆ. ಹೋಮ್ ಫೋಲ್ಡರಿನಿಂದ 'ಎಂವಿ' ಮಾಡಿ ತಂದ ಫೈಲ್ ತನ್ನ ಹಳೆಯ ಲೇಬಲ್ಲನ್ನು ಜೊತೆಗೇ ತರುತ್ತದೆ. ಪರ್ಮಿಷನ್ ಎಲ್ಲ ಸರಿಯಿದ್ದರೂ ಸರ್ವರ್ ಅದನ್ನು ಓದಲಾರದು. 'ಸುಡೊ ರೀಸ್ಟೋರ್‌ಕಾನ್ -ಆರ್' ಎಂದು ಆ ಫೋಲ್ಡರಿನ ಮೇಲೆ ಓಡಿಸಿದರೆ ಸರಿಹೋಗುತ್ತದೆ. ಅದರಲ್ಲಿ ಆರ್ ದೊಡ್ಡಕ್ಷರ. 'ಎಂವಿ' ಬದಲು 'ಸಿಪಿ' ಮಾಡಿದರೆ ಈ ತೊಂದರೆಯೇ ಬರುವುದಿಲ್ಲ. ಎಸ್‌ಇಲಿನಕ್ಸನ್ನೇ ಆಫ್ ಮಾಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ.

ವಿಂಡೋಸ್‌ನಲ್ಲಿ?

ಸರ್ವರ್‌ಗೆ ಟಿಎಫ್‌ಟಿಪಿಡಿ64 ಎಂಬ ಉಚಿತ ತಂತ್ರಾಂಶ ಬಹುಕಾಲದಿಂದ ಚಾಲ್ತಿಯಲ್ಲಿದೆ. ತೆರೆದ ಮೇಲೆ ಎರಡು ಆಯ್ಕೆ ನೋಡಿ: ಮೇಲ್ಗಡೆ ಫೋಲ್ಡರ್, ಅದರ ಕೆಳಗೆ ಯಾವ ನೆಟ್‌ವರ್ಕ್ ಕಾರ್ಡ್. ಲ್ಯಾಪ್‌ಟಾಪ್‌ನಲ್ಲಿ ವೈಫೈ ಮತ್ತು ಕೇಬಲ್ ಎರಡೂ ಇದ್ದಾಗ ವೈಫೈನ ವಿಳಾಸ ಆಯ್ಕೆಯಾಗಿ ಕೂತಿರುವುದೇ ಹೆಚ್ಚು. ಕೆಲಸ ಮುಗಿಯುವವರೆಗೆ ವೈಫೈ ಆರಿಸಿಬಿಡುವುದು ಒಳ್ಳೆಯದು.

ಕ್ಲೈಂಟ್ ವಿಂಡೋಸ್‌ನಲ್ಲೇ ಇದೆ, ಆದರೆ ವಿಸ್ಟಾದಿಂದೀಚೆಗೆ ಆಫ್ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂಗಳ ವಿಭಾಗದಲ್ಲಿ ವಿಂಡೋಸ್ ಫೀಚರ್ ಆನ್-ಆಫ್ ಮಾಡುವ ಪಟ್ಟಿ ತೆರೆದು 'ಟಿಎಫ್‌ಟಿಪಿ ಕ್ಲೈಂಟ್' ಮುಂದೆ ಗುರುತು ಹಾಕಿ. ಬಳಸುವುದು ಹೀಗೆ: 'ಟಿಎಫ್‌ಟಿಪಿ -ಐ 192.168.1.10 ಗೆಟ್ ಟೆಸ್ಟ್.ಬಿನ್'.

ಎಲ್ಲಾ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ರೂಟರೋ ಬೋರ್ಡೋ ಜೋಡಿಸುವ ಮೊದಲು ಇನ್ನೊಂದು ಕಂಪ್ಯೂಟರಿನಿಂದ ನೋಡಿ. ಸರ್ವರ್‌ನಲ್ಲಿ ಒಂದು ಎಂಬಿಯಷ್ಟು ಗಾತ್ರದ ಬೈನರಿ ಫೈಲ್ ಇಡಿ. ಇನ್ನೊಂದು ಕಡೆಯಿಂದ ಅದನ್ನು ತರಿಸಿಕೊಂಡು, ಎರಡೂ ಕಡೆ ಫೈಲಿನ ತಾಳೆ ಮೊತ್ತ ಲೆಕ್ಕ ಹಾಕುವ 'ಎಸ್‌ಎಚ್‌ಎ256ಸಮ್' ಓಡಿಸಿ. ಎರಡೂ ಮೊತ್ತ ಒಂದೇ ಇದ್ದರೆ ಸರ್ವರ್, ಫೈರ್‌ವಾಲ್, (ಕೆಳಗೆ ಹೇಳಿರುವ) ಮೋಡ್ ಮೂರೂ ಸರಿ. ಲಿನಕ್ಸ್‌ನಲ್ಲಿ 'ಕರ್ಲ್' ಕೂಡ ಟಿಎಫ್‌ಟಿಪಿ ಬಲ್ಲದು: 'ಕರ್ಲ್ -ಒ ಬಂದದ್ದು.ಬಿನ್ ಟಿಎಫ್‌ಟಿಪಿ://192.168.1.10/ಟೆಸ್ಟ್.ಬಿನ್'. ಸರ್ವರ್ ಕೂತಿರುವ ಯಂತ್ರದಿಂದಲೇ ಪರೀಕ್ಷಿಸಿ ಸುಮ್ಮನಾಗಬೇಡಿ, ಆಗ ಫೈರ್‌ವಾಲ್ ಆಟಕ್ಕೇ ಬರುವುದಿಲ್ಲ.

ಫರ್ಮ್‌ವೇರ್ ಆದರೆ ಮೊತ್ತ ತಾಳೆ ನೋಡದೆ ಫ್ಲ್ಯಾಶ್ ಮಾಡಲೇಬೇಡಿ. ಟಿಎಫ್‌ಟಿಪಿಗೆ ತನ್ನದೇ ಆದ ತಪಾಸಣೆ ಇಲ್ಲ, ಯುಡಿಪಿಯ 16 ಬಿಟ್ ಚೆಕ್‌ಸಮ್ ಒಂದೇ ಆಧಾರ.

ಸರ್ವರ್ ಓಡುತ್ತಿದೆ, ಪಿಂಗ್ ಆಗುತ್ತಿದೆ, ಆದರೂ ಟೈಮ್‌ಔಟ್ ಬರುತ್ತಿದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲು ಸರ್ವರ್‌ನಲ್ಲಿ 'ಸುಡೊ ಎಸ್‌ಎಸ್ -ಎಲ್‌ಯುಎನ್‌ಪಿ' ಕೊಟ್ಟು ಯುಡಿಪಿ 69ರಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ನೋಡಿ. ಆಮೇಲೆ ಲಾಗ್ ನೋಡಿ. ಕೋರಿಕೆ ಲಾಗ್‌ಗೆ ಬಂದೇ ಇಲ್ಲವೆಂದರೆ ತಡೆ ಸರ್ವರ್‌ನ ಫೈರ್‌ವಾಲ್‌ನಲ್ಲಿದೆ, ಅಥವಾ ಕ್ಲೈಂಟ್ ಬೇರೆ ವಿಳಾಸಕ್ಕೆ ಕೂಗುತ್ತಿದೆ. ಕೋರಿಕೆ ಬಂದಿದೆ, ಉತ್ತರ ಮಾತ್ರ ಮುಟ್ಟುತ್ತಿಲ್ಲವೆಂದರೆ ಅದು ಮೇಲೆ ಹೇಳಿದ ಪೋರ್ಟ್ ಬದಲಾವಣೆಯ ಫಲ.

ಕ್ಲೈಂಟ್ ಕಡೆಯ ಫೈರ್‌ವಾಲ್ ಕಣ್ಣಿಗೆ ಕಂಡದ್ದು 69ಕ್ಕೆ ಹೋದ ಪ್ಯಾಕೆಟ್. ಉತ್ತರ ಬರುವುದು 38412ರಿಂದ. ಇದು ಯಾವುದೋ ಅಪರಿಚಿತ ಪ್ಯಾಕೆಟ್ ಎಂದುಕೊಂಡು ಅದು ಬಿಸಾಕುತ್ತದೆ. ಸರ್ವರ್ ಕಡೆ ಸಾಮಾನ್ಯವಾಗಿ 69 ತೆರೆದರೆ ಸಾಕು: ಹೊಸ ಪೋರ್ಟ್‌ನಿಂದ ಮೊದಲು ಹೊರಗೆ ಮಾತಾಡಿದ್ದು ಸರ್ವರೇ ಆದ್ದರಿಂದ, ಅಲ್ಲಿಗೆ ಬರುವ ಎಸಿಕೆಗಳು ಪರಿಚಿತ ಸಂಪರ್ಕದ ಲೆಕ್ಕಕ್ಕೆ ಬೀಳುತ್ತವೆ. ಹಾಗಾಗಿ ಜನ ಸರ್ವರ್‌ನ ಫೈರ್‌ವಾಲ್ ತೆರೆದು ಮುಚ್ಚಿ ದಿನ ಕಳೆಯುತ್ತಾರೆ, ತಡೆಯುತ್ತಿರುವುದು ಕ್ಲೈಂಟ್ ಕಡೆಯದೋ ನಡುವಿನ ನ್ಯಾಟ್ (ವಿಳಾಸ ಬದಲಿಸಿ ದಾಟಿಸುವ) ರೂಟರೋ ಆಗಿರುತ್ತದೆ.

ಲಿನಕ್ಸ್ ಫೈರ್‌ವಾಲ್ ನಡುವೆ ಇದ್ದರೆ ಈ ಪೋರ್ಟ್ ಬದಲಾವಣೆಯನ್ನು ಗುರುತಿಸುವ ಹೆಲ್ಪರ್, 'ಎನ್‌ಎಫ್_ಕಾನ್‌ಟ್ರ್ಯಾಕ್_ಟಿಎಫ್‌ಟಿಪಿ' ಮಾಡ್ಯೂಲ್ ಬೇಕು. ಕರ್ನೆಲ್ 4.7ರಿಂದ ಮಾಡ್ಯೂಲ್ ಲೋಡ್ ಮಾಡಿದರಷ್ಟೇ ಸಾಲದು, ಯುಡಿಪಿ 69ರ ಸಂಪರ್ಕಕ್ಕೆ ಈ ಹೆಲ್ಪರ್ ಅಂಟಿಸಿ ಎಂದು ನಿಯಮದಲ್ಲಿ ಹೇಳಬೇಕು. ಹಳೆಯ ಲೇಖನಗಳನ್ನು ನೋಡಿ ಮಾಡಿದವರಿಗೆ ಕೆಲಸ ಆಗದಿರುವುದು ಇದರಿಂದ. ವಿಂಡೋಸ್ ಆದರೆ ನೆಟ್‌ವರ್ಕ್ 'ಪಬ್ಲಿಕ್' ಎಂದು ಗುರುತಾಗಿದೆಯೇ ನೋಡಿ. ರೂಟರ್‌ಗೆ ನೇರ ಕೇಬಲ್ ಹಾಕಿದಾಗ ಹಾಗೇ ಆಗುತ್ತದೆ, ಆ ಪ್ರೊಫೈಲ್‌ನಲ್ಲಿ ಸರ್ವರ್‌ಗೆ ಅನುಮತಿ ಇರುವುದಿಲ್ಲ.

ಟಿಸಿಪಿಡಂಪ್‌ನಲ್ಲಿ ಒಂದೇ ಪ್ಯಾಕೆಟ್ ಕಾಣುತ್ತಿದೆ. ಉಳಿದದ್ದೆಲ್ಲಿ?

ಟಿಸಿಪಿಡಂಪ್ ಎಂದರೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಕಮಾಂಡ್. ಅದರಲ್ಲಿ 'ಯುಡಿಪಿ ಪೋರ್ಟ್ 69' ಎಂದು ಸೋಸಿದರೆ ಕಾಣುವುದು ಮೊದಲ ಕೋರಿಕೆಯೊಂದೇ. 'ಹೋಸ್ಟ್' ಎಂದು ಕ್ಲೈಂಟ್‌ನ ವಿಳಾಸ ಕೊಟ್ಟು ಸೋಸಿ.

"ಫೈಲ್ ನಾಟ್ ಫೌಂಡ್" ಎನ್ನುತ್ತದೆ. ಫೈಲ್ ಅಲ್ಲೇ ಇದೆಯಲ್ಲ!

ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಅದನ್ನು ಮೊದಲು ನೋಡಿ. ವಿಂಡೋಸ್‌ನಲ್ಲಿ ಫೈಲಿನ ಕೊನೆಯ ಬಾಲವನ್ನು ಎಕ್ಸ್‌ಪ್ಲೋರರ್ ಅಡಗಿಸುತ್ತದೆ. ನೀವು ಹೆಸರು ಬದಲಿಸಿ 'ಟಿಪಿ_ರಿಕವರಿ.ಬಿನ್' ಎಂದಿಟ್ಟದ್ದು ಒಳಗೆ 'ಟಿಪಿ_ರಿಕವರಿ.ಬಿನ್.ಬಿನ್' ಆಗಿರುತ್ತದೆ. ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿ ಖಚಿತಪಡಿಸಿಕೊಳ್ಳಿ.

"ಆಕ್ಸೆಸ್ ವಯೊಲೇಷನ್" ಎಂದರೆ?

ದೋಷ ಸಂಖ್ಯೆ 2. ಎಚ್‌ಪಿಎ ಸರ್ವರ್ ಎಲ್ಲರೂ ಓದಬಲ್ಲ ಫೈಲನ್ನು ಮಾತ್ರ ಕೊಡುತ್ತದೆ. 'ಚ್‌ಮಾಡ್ 644' ಫೈಲಿಗೆ, 'ಚ್‌ಮಾಡ್ 755' ಫೋಲ್ಡರಿಗೆ. ಲಾಗಿನ್ ಇಲ್ಲದ ವ್ಯವಸ್ಥೆಯಲ್ಲಿ ಕೇಳುತ್ತಿರುವವರು ಯಾರೆಂದೇ ಗೊತ್ತಿಲ್ಲವಲ್ಲ, ಹಾಗಾಗಿ ಎಲ್ಲರಿಗೂ ಇರುವ ಅನುಮತಿಯನ್ನೇ ಅದು ನೋಡುತ್ತದೆ.

ಉಳಿದ ಸಂಖ್ಯೆಗಳಲ್ಲಿ ಕೆಲಸಕ್ಕೆ ಬರುವವು: 1 ಫೈಲ್ ಇಲ್ಲ, 3 ಡಿಸ್ಕ್ ತುಂಬಿದೆ, 5 ಗುರುತಿಲ್ಲದ ಪೋರ್ಟ್‌ನಿಂದ ಪ್ಯಾಕೆಟ್ ಬಂದಿದೆ, 6 ಆ ಹೆಸರಿನ ಫೈಲ್ ಆಗಲೇ ಇದೆ, 8 ಆಯ್ಕೆಗಳು ಒಪ್ಪಿಗೆಯಾಗಲಿಲ್ಲ. 0 ಬಂದರೆ ಜೊತೆಯಲ್ಲಿರುವ ಸಂದೇಶ ಓದಿ, ಸಂಖ್ಯೆಗೆ ಅರ್ಥವಿಲ್ಲ.

ಸ್ವಿಚ್‌ನ ಕಾನ್ಫಿಗರೇಷನ್ ಬ್ಯಾಕಪ್ ಕಳಿಸಲು ಹೋದರೆ ಸರ್ವರ್ ತೆಗೆದುಕೊಳ್ಳುತ್ತಿಲ್ಲ.

ಅಪ್‌ಲೋಡ್ ವಿಷಯದಲ್ಲಿ ಎಚ್‌ಪಿಎ ಸರ್ವರ್ ಬಿಗಿ. ಮೊದಲೇ ಇರುವ, ಎಲ್ಲರೂ ಬರೆಯಬಲ್ಲ ಫೈಲಿಗೆ ಮಾತ್ರ ಬರೆಯಲು ಬಿಡುತ್ತದೆ. ಎರಡು ದಾರಿ. ಒಂದು, 'ಟಚ್' ಮಾಡಿ ಖಾಲಿ ಫೈಲ್ ಸೃಷ್ಟಿಸಿ ಅದಕ್ಕೆ 'ಚ್‌ಮಾಡ್ 666' ಕೊಡುವುದು. ಇನ್ನೊಂದು, ಆಯ್ಕೆಗಳಿಗೆ '--ಕ್ರಿಯೇಟ್' ಸೇರಿಸಿ, ಫೋಲ್ಡರನ್ನು 'ಟಿಎಫ್‌ಟಿಪಿ' ಬಳಕೆದಾರನ ಹೆಸರಿಗೆ 'ಚೌನ್' ಮಾಡುವುದು. ಒಂದೆರಡು ಸಾಧನಗಳಾದರೆ ಮೊದಲ ದಾರಿಯೇ ವಾಸಿ. ಎರಡನೆಯದರಲ್ಲಿ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಏನು ಬೇಕಾದರೂ ತಂದು ಸುರಿಯಬಹುದು.

ಫೈಲ್ ಪೂರ್ತಿ ಬಂತು, ಆದರೆ ಗಾತ್ರ ತುಸು ಹೆಚ್ಚಾಗಿದೆ, ಓಪನ್ ಆಗುತ್ತಿಲ್ಲ.

ನೀವು ಆಸ್ಕಿ ಮೋಡ್‌ನಲ್ಲಿ ತಂದಿದ್ದೀರಿ. ಟಿಎಫ್‌ಟಿಪಿಯಲ್ಲಿ ಬಳಕೆಯಲ್ಲಿರುವ ಮೋಡ್ ಎರಡು: ನೆಟ್‌ಆಸ್ಕಿ ಮತ್ತು ಆಕ್ಟೆಟ್. ನೆಟ್‌ಆಸ್ಕಿಯಲ್ಲಿ ಸಾಲು ಮುಗಿಯುವ ಗುರುತುಗಳನ್ನು ಬದಲಿಸಿ ಕಳಿಸಲಾಗುತ್ತದೆ. ಯುನಿಕ್ಸ್‌ನ ಒಂದು ಬೈಟ್ ಹತ್ತು, ಕೇಬಲ್ ಮೇಲೆ ಹದಿಮೂರು ಮತ್ತು ಹತ್ತು ಎಂಬ ಎರಡು ಬೈಟ್ ಆಗುತ್ತದೆ. ಪಠ್ಯಕ್ಕೆ ಇದು ಸರಿ. ಫರ್ಮ್‌ವೇರ್‌ನ ನಡುವೆ ಹತ್ತು ಎಂಬ ಬೈಟ್ ಸಾವಿರ ಕಡೆ ಇರುತ್ತದೆ, ಅಲ್ಲೆಲ್ಲ ಒಂದೊಂದು ಬೈಟ್ ಸೇರಿಕೊಂಡರೆ ಫೈಲ್ ಹಾಳು.

ಯಾವಾಗಲೂ ಆಕ್ಟೆಟ್ ಬಳಸಿ, ಪಠ್ಯಕ್ಕೂ ಅದೇ ಇರಲಿ. ವಿಂಡೋಸ್‌ನಲ್ಲಿ '-ಐ', ಎಚ್‌ಪಿಎ ಕ್ಲೈಂಟ್‌ನಲ್ಲಿ '-ಎಂ ಬೈನರಿ'. ಬೂಟ್‌ಲೋಡರ್‌ಗಳು ತಾವಾಗಿಯೇ ಆಕ್ಟೆಟ್ ಕೇಳುತ್ತವೆ.

ಯಾಕಿಷ್ಟು ನಿಧಾನ? ನೆಟ್‌ವರ್ಕ್ ಗಿಗಾಬಿಟ್ ಇದೆ.

ವೇಗ ನಿರ್ಧರಿಸುವುದು ನೆಟ್‌ವರ್ಕಿನ ಅಗಲ ಅಲ್ಲ, ಹೋಗಿ ಬರುವ ಸಮಯ. 8 ಎಂಬಿ ಫೈಲ್ ಎಂದರೆ 512 ಬೈಟ್‌ನ 16,384 ಬ್ಲಾಕ್‌ಗಳು. ಪ್ರತಿಯೊಂದಕ್ಕೂ ಒಂದು ಹೋಗಿಬರುವಿಕೆ. ಅದೇ ಕಟ್ಟಡದಲ್ಲಿ 1 ಮಿಲಿಸೆಕೆಂಡ್ ಆದರೆ 16 ಸೆಕೆಂಡಿನಲ್ಲಿ ಮುಗಿಯಿತು. ವಿಪಿಎನ್ ದಾಟಿ ಇನ್ನೊಂದು ಊರಿನ ಶಾಖೆಗೆ 40 ಮಿಲಿಸೆಕೆಂಡ್ ಆದರೆ 655 ಸೆಕೆಂಡ್, ಹತ್ತಿರಹತ್ತಿರ 11 ನಿಮಿಷ. ನಡುವೆ ಪ್ಯಾಕೆಟ್ ಕಳೆದರೆ ಒಂದೊಂದಕ್ಕೂ ಕೆಲವು ಸೆಕೆಂಡ್ ಕಾಯುವುದು ಬೇರೆ.

ಪರಿಹಾರ ಬ್ಲಾಕ್ ಗಾತ್ರ ಹೆಚ್ಚಿಸುವುದು. ಆರ್‌ಎಫ್‌ಸಿ 2348 ತಂದ 'ಬ್ಲಾಕ್‌ಸೈಜ್' ಆಯ್ಕೆ 8ರಿಂದ 65,464 ಬೈಟ್‌ವರೆಗೆ ಒಪ್ಪುತ್ತದೆ. ಈಥರ್‌ನೆಟ್‌ಗೆ ಸರಿಹೊಂದುವ ಸಂಖ್ಯೆ 1468: 1500ರಲ್ಲಿ ಐಪಿ ತಲೆಬರಹಕ್ಕೆ 20, ಯುಡಿಪಿಗೆ 8, ಟಿಎಫ್‌ಟಿಪಿಗೆ 4 ಕಳೆದರೆ ಉಳಿಯುವುದು ಅಷ್ಟು. ಅದೇ 8 ಎಂಬಿ ಫೈಲ್ 5,715 ಬ್ಲಾಕ್‌ಗಳಿಗೆ ಇಳಿದು, 11 ನಿಮಿಷದ ಕೆಲಸ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಇದಕ್ಕಿಂತ ದೊಡ್ಡದು ಕೊಟ್ಟರೆ ಪ್ಯಾಕೆಟ್ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸಲು ಬಾರದ ಬೂಟ್‌ಲೋಡರ್ ಮೊದಲ ಬ್ಲಾಕ್‌ನಲ್ಲೇ ಕೈಚೆಲ್ಲುತ್ತದೆ, ಫೈರ್‌ವಾಲ್‌ಗಳು ತುಂಡುಗಳನ್ನು ಎಸೆಯುವುದೂ ಉಂಟು. ವಿಪಿಎನ್ ಒಳಗೆ 1468 ಕೂಡ ಜಾಸ್ತಿಯಾಗಬಹುದು, ಆಗ 1300ಕ್ಕೆ ಇಳಿಸಿ ನೋಡಿ.

2015ರ ಆರ್‌ಎಫ್‌ಸಿ 7440 'ವಿಂಡೋಸೈಜ್' ತಂದಿತು. ಒಂದು ಎಸಿಕೆಗೆ ಮೊದಲು ಹಲವು ಬ್ಲಾಕ್ ಕಳಿಸಬಹುದು. 1468ರ ಬ್ಲಾಕ್ ಜೊತೆ ಇದನ್ನು 16 ಎಂದಿಟ್ಟರೆ ಮೇಲಿನ ಫೈಲ್ ಸುಮಾರು 15 ಸೆಕೆಂಡಿನದು. ಎರಡೂ ಕಡೆ ಇದು ಗೊತ್ತಿರಬೇಕು. ಗೊತ್ತಿಲ್ಲದ ಕಡೆಯವರು ಆಯ್ಕೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ, ವರ್ಗಾವಣೆ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ.

32 ಎಂಬಿಗಿಂತ ದೊಡ್ಡ ಫೈಲ್ ನಡುವೆ ನಿಲ್ಲುತ್ತದೆ.

ಬ್ಲಾಕ್ ಸಂಖ್ಯೆಗೆ ಇರುವುದು 16 ಬಿಟ್, ಅಂದರೆ 65,535ರವರೆಗೆ ಎಣಿಕೆ. 512ರಿಂದ ಗುಣಿಸಿದರೆ 32 ಎಂಬಿಗೆ ಒಂದು ಬ್ಲಾಕ್ ಕಡಿಮೆ. ಅದಾದ ಮೇಲೆ ಎಣಿಕೆ 0ಯಿಂದಲೋ 1ರಿಂದಲೋ ಎಂದು ಮೂಲ ನಿಯಮ ಹೇಳಲಿಲ್ಲ. ಕೆಲವರು 0 ಎಂದರು, ಕೆಲವರು 1 ಎಂದರು, ಕೆಲವರು ನಿಲ್ಲಿಸಿಯೇ ಬಿಟ್ಟರು. ಬ್ಲಾಕ್ 1468 ಮಾಡಿಕೊಂಡರೆ ಮಿತಿ ಸುಮಾರು 92 ಎಂಬಿಗೆ ಏರುತ್ತದೆ. ಅದಕ್ಕಿಂತ ದೊಡ್ಡದನ್ನು ಟಿಎಫ್‌ಟಿಪಿಯಲ್ಲಿ ಕಳಿಸಬೇಕಾದ ಅಗತ್ಯ ಏನಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕೆಟ್ಟ ರೂಟರ್‌ಗೆ ಟಿಎಫ್‌ಟಿಪಿಯಿಂದ ಫರ್ಮ್‌ವೇರ್ ಹಾಕುವುದು ಹೇಗೆ?

ಮೊದಲು ತಿಳಿಯಬೇಕಾದ್ದು ಸರ್ವರ್ ಯಾರು, ಕ್ಲೈಂಟ್ ಯಾರು ಎಂಬುದು. ಎರಡು ಪದ್ಧತಿಗಳಿವೆ, ಅದಲುಬದಲಾದರೆ ಏನೂ ನಡೆಯುವುದಿಲ್ಲ.

ಟಿಪಿ-ಲಿಂಕ್‌ನ ಹಲವು ಮಾದರಿಗಳಲ್ಲಿ ರೂಟರೇ ಕ್ಲೈಂಟ್. ನಿಮ್ಮ ಕಂಪ್ಯೂಟರಿಗೆ 192.168.0.66, ಮಾಸ್ಕ್ 255.255.255.0 ಕೊಟ್ಟು ಟಿಎಫ್‌ಟಿಪಿ ಸರ್ವರ್ ಓಡಿಸಿ, ಫರ್ಮ್‌ವೇರನ್ನು ಆ ಮಾದರಿ ಕೇಳುವ ಹೆಸರಿನಲ್ಲಿಡಿ. ಮಾದರಿಯಿಂದ ಮಾದರಿಗೆ ಹೆಸರು ಬದಲಾಗುತ್ತದೆ, 'ಟಿಪಿ_ರಿಕವರಿ.ಬಿನ್' ಸಾಮಾನ್ಯ. ಕೇಬಲ್ ಲ್ಯಾನ್ ಪೋರ್ಟ್‌ಗೆ ಹಾಕಿ, ರೀಸೆಟ್ ಒತ್ತಿಹಿಡಿದು ಪವರ್ ಕೊಡಿ, ಹತ್ತು ಸೆಕೆಂಡ್ ಬಿಡಬೇಡಿ. ಸರ್ವರ್‌ನ ಲಾಗ್‌ನಲ್ಲಿ ಓದುವ ಕೋರಿಕೆ ಬಿದ್ದರೆ ಗೆದ್ದಂತೆ. ಕೇಳಿದ ಹೆಸರು ನೀವಿಟ್ಟ ಹೆಸರಿಗಿಂತ ಬೇರೆಯಾಗಿದ್ದರೂ ಲಾಗ್‌ನಲ್ಲೇ ಕಾಣುತ್ತದೆ. ಅದನ್ನೇ ನೋಡಿ ಫೈಲಿನ ಹೆಸರು ಬದಲಿಸಿ ಮತ್ತೆ ಮಾಡಿ.

ನೆಟ್‌ಗಿಯರ್‌ನ ಹಲವು ಮಾದರಿಗಳಲ್ಲಿ ಉಲ್ಟಾ: ರೂಟರ್ 192.168.1.1ರಲ್ಲಿ ಸರ್ವರ್ ಆಗಿ ಕಾಯುತ್ತದೆ, ನೀವು 'ಪುಟ್' ಮಾಡಬೇಕು. ರೀಸೆಟ್ ಒತ್ತಿ ಪವರ್ ಕೊಟ್ಟು, ಪವರ್ ದೀಪ ಮಿಟುಕಲು ಶುರುವಾದ ಮೇಲೆ ಕಳಿಸಿ. ಬೂಟ್‌ಲೋಡರ್ ಎದ್ದಿದೆಯೇ ಎಂದು ತಿಳಿಯಲು ಪಿಂಗ್ ಉತ್ತರದಲ್ಲಿ ಬರುವ ಟಿಟಿಎಲ್ ಎಂಬ ಸಂಖ್ಯೆ ನೋಡುವ ಒಂದು ಉಪಾಯವಿದೆ. ಬ್ರಾಡ್‌ಕಾಮ್‌ನ ಸಿಎಫ್‌ಇ ಬೂಟ್‌ಲೋಡರ್ ಉತ್ತರಿಸಿದರೆ 100 ಬರುತ್ತದೆ, ಲಿನಕ್ಸ್ ಉತ್ತರಿಸಿದರೆ 64.

ಎರಡರಲ್ಲೂ ಕೈಕೊಡುವುದು ಒಂದೇ ವಿಷಯ. ರೂಟರ್ ಆಫ್ ಆದಾಗ ಕಂಪ್ಯೂಟರಿನ ಪೋರ್ಟ್ ಕೂಡ ಮಲಗುತ್ತದೆ, ಆನ್ ಆದಾಗ ವಿಂಡೋಸ್ ಅದನ್ನು ಎಬ್ಬಿಸಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬೂಟ್‌ಲೋಡರ್ ಕಾದು ಮುಂದೆ ಹೋಗಿರುತ್ತದೆ. ನಡುವೆ ಒಂದು ಅಗ್ಗದ ಐದು ಪೋರ್ಟ್‌ನ ಸ್ವಿಚ್ ಹಾಕಿ. ಕಂಪ್ಯೂಟರಿನ ಕಡೆಯ ಲಿಂಕ್ ಆಗ ಬೀಳುವುದೇ ಇಲ್ಲ. ಫೈಲ್ ಹೋದ ಮೇಲೆ ಫ್ಲ್ಯಾಶ್‌ಗೆ ಬರೆಯಲು ಇನ್ನೂ ಕೆಲವು ನಿಮಿಷ ಬೇಕು. ದೀಪಗಳು ನಿಂತವೆಂದು ಪವರ್ ಕೀಳಬೇಡಿ, ಕರೆಂಟ್ ಹೋಗುವ ಹೊತ್ತಾದರೆ ಯುಪಿಎಸ್‌ನಲ್ಲಿ ಹಾಕಿ.

ಯು-ಬೂಟ್‌ನಲ್ಲಿ ಟಿ ಟಿ ಟಿ ಎಂದು ಬರುತ್ತಲೇ ಇದೆ.

ಒಂದೊಂದು ಟಿ ಒಂದೊಂದು ಟೈಮ್‌ಔಟ್. ಸೀರಿಯಲ್ ಕನ್ಸೋಲ್‌ನಲ್ಲಿ 'ಸೆಟ್‌ಎನ್‌ವಿ ಐಪಿಅಡ್ರ್ 192.168.1.50', 'ಸೆಟ್‌ಎನ್‌ವಿ ಸರ್ವರ್‌ಐಪಿ 192.168.1.10' ಕೊಟ್ಟ ಮೇಲೆ ಮೊದಲು 'ಪಿಂಗ್ 192.168.1.10' ಮಾಡಿ. ಎಆರ್‌ಪಿ ರಿಟ್ರೈ ಮೀರಿತು (ಆ ವಿಳಾಸದ ಯಂತ್ರ ಸಿಗಲಿಲ್ಲ) ಎಂದರೆ ಕೇಬಲ್ ಅಥವಾ ವಿಳಾಸ ತಪ್ಪು. ಪಿಂಗ್ ಸರಿ, ಟಿ ಮಾತ್ರ ಬರುತ್ತಿದೆ ಎಂದರೆ ಸರ್ವರ್ ಅಥವಾ ಫೈರ್‌ವಾಲ್. ಕಂಪ್ಯೂಟರಿನಿಂದ ಬೋರ್ಡಿಗೆ ಪಿಂಗ್ ಮಾಡಿ ಉತ್ತರವಿಲ್ಲವೆಂದು ಗಾಬರಿಯಾಗಬೇಡಿ: ನೆಟ್‌ವರ್ಕ್ ಕಮಾಂಡ್ ಓಡುತ್ತಿಲ್ಲದ ಹೊತ್ತಿನಲ್ಲಿ ಯು-ಬೂಟ್ ಯಾರ ಮಾತೂ ಕೇಳಿಸಿಕೊಳ್ಳುವುದಿಲ್ಲ. ನಡುನಡುವೆ ಒಂದೆರಡು ಟಿ ಬಂದು, ಡೇಟಾ ಬರುತ್ತಿದೆ ಎಂದು ತೋರಿಸುವ ಹ್ಯಾಶ್ (#) ಗುರುತುಗಳು ಮುಂದುವರಿದರೆ ಪ್ಯಾಕೆಟ್ ಕಳೆಯುತ್ತಿದೆ ಎಂದಷ್ಟೇ. ಕೇಬಲ್ ಬದಲಿಸಿ ನೋಡಿ.

ಪಿಎಕ್ಸ್‌ಇ ಬೂಟ್‌ಗೆ ಟಿಎಫ್‌ಟಿಪಿ ಜೊತೆ ಇನ್ನೇನು ಬೇಕು?

ಡಿಎಚ್‌ಸಿಪಿ. ಯಂತ್ರಕ್ಕೆ ಐಪಿ ವಿಳಾಸದ ಜೊತೆ ಸರ್ವರ್ ಯಾವುದು, ಫೈಲ್ ಯಾವುದು ಎಂದು ಹೇಳಬೇಕಾದ್ದು ಅದೇ. ಸರ್ವರ್‌ನ ಹೆಸರು ಆಯ್ಕೆ 66ರಲ್ಲಿ, ಫೈಲ್ ಆಯ್ಕೆ 67ರಲ್ಲಿ. ಸಿಸ್ಕೋ ಫೋನ್‌ಗಳು ಸರ್ವರ್‌ನ ವಿಳಾಸವನ್ನು ಆಯ್ಕೆ 150ರಲ್ಲಿ ನೋಡುತ್ತವೆ. ಮನೆಯ ರೂಟರ್‌ಗಳಲ್ಲಿ ಇವನ್ನು ತುಂಬುವ ಜಾಗ ಇರುವುದಿಲ್ಲ. ಆಗ ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ಡಿಎಚ್‌ಸಿಪಿ ರೀತಿಯಲ್ಲಿ ಓಡಿಸಬಹುದು, ವಿಳಾಸ ರೂಟರೇ ಕೊಡುತ್ತದೆ, ಬೂಟ್ ಮಾಹಿತಿ ಇದು ಕೊಡುತ್ತದೆ.

ಹಳೆಯ ಬಯಾಸ್ ಯಂತ್ರಗಳಿಗೂ ಅದರ ಬದಲು ಬಂದ ಯುಇಎಫ್‌ಐ ಫರ್ಮ್‌ವೇರ್‌ನ ಯಂತ್ರಗಳಿಗೂ ಬೇರೆ ಬೇರೆ ಫೈಲ್ ಬೇಕು. ಪಿಎಕ್ಸ್‌ಇಲಿನಕ್ಸ್ ಎಂಬ ನೆಟ್‌ವರ್ಕ್ ಬೂಟ್‌ಲೋಡರ್ ಬಳಸುವವರಿಗೆ ಇನ್ನೊಂದು ಮಾತು: ಐದನೇ ಆವೃತ್ತಿಯಿಂದೀಚೆಗೆ 'ಪಿಎಕ್ಸ್‌ಇಲಿನಕ್ಸ್.0' ಒಂದೇ ಸಾಲದು, 'ಎಲ್‌ಡಿಲಿನಕ್ಸ್.ಸಿ32' ಕೂಡ ಪಕ್ಕದಲ್ಲಿರಬೇಕು, ಎರಡೂ ಒಂದೇ ಆವೃತ್ತಿಯವಾಗಿರಬೇಕು.

ಲಾಗ್ ತುಂಬಾ "ನಾಟ್ ಫೌಂಡ್" ಇದೆ, ಆದರೂ ಬೂಟ್ ಆಗುತ್ತಿದೆ!

ಅದು ಸಹಜ. ಪಿಎಕ್ಸ್‌ಇಲಿನಕ್ಸ್ ತನ್ನ ಕಾನ್ಫಿಗರೇಷನ್ ಫೈಲನ್ನು ಮೊದಲು ಯಂತ್ರದ ಯುಯುಐಡಿ ಹೆಸರಿನಲ್ಲಿ ಹುಡುಕುತ್ತದೆ, ಆಮೇಲೆ ಮ್ಯಾಕ್ ವಿಳಾಸದ ಹೆಸರಿನಲ್ಲಿ, ಆಮೇಲೆ ಐಪಿಯನ್ನು ಹೆಕ್ಸ್‌ನಲ್ಲಿ ಬರೆದು. 192.168.1.25 ಆದರೆ ಸಿ0ಎ80119. ಸಿಗದಿದ್ದರೆ ಕೊನೆಯ ಒಂದೊಂದು ಅಂಕಿ ಕಿತ್ತು ಸಿ0ಎ8011, ಸಿ0ಎ801 ಎಂದು ಕೆಳಗಿಳಿಯುತ್ತ ಕೊನೆಗೆ 'ಡಿಫಾಲ್ಟ್'ಗೆ ಬರುತ್ತದೆ. ಪ್ರತಿ ಸೋಲೂ ಲಾಗ್‌ನಲ್ಲಿ ಒಂದು ಸಾಲು. ಒಂದು ಲ್ಯಾಬ್‌ನ ಒಂದೇ ಯಂತ್ರಕ್ಕೆ ಬೇರೆ ಮೆನು ಕೊಡಬೇಕೆಂದರೆ ಇದೇ ಅನುಕೂಲ.

ಇದನ್ನು ಇಂಟರ್‌ನೆಟ್‌ಗೆ ತೆರೆದಿಡಬಹುದೇ?

ಬೇಡ. ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. ರೂಟರ್ ಬ್ಯಾಕಪ್, ಐಪಿ ಫೋನ್‌ನ ಸೆಟ್ಟಿಂಗ್ ಫೈಲುಗಳಲ್ಲಿ ಪಾಸ್‌ವರ್ಡ್‌ಗಳಿರುತ್ತವೆ, ಹೆಸರು ಊಹಿಸಿದವರಿಗೆಲ್ಲ ಅವು ಸಿಕ್ಕಿಬಿಡುತ್ತವೆ. ಇನ್ನೊಂದು ಅಪಾಯ ನಿಮಗಲ್ಲ, ಬೇರೆಯವರಿಗೆ: ಯುಡಿಪಿಯಲ್ಲಿ ಕಳಿಸಿದವರ ವಿಳಾಸ ಸುಳ್ಳು ಹೇಳಬಹುದು. ಯಾರೋ ಬಲಿಪಶುವಿನ ವಿಳಾಸ ಹಾಕಿ ಚಿಕ್ಕ ಕೋರಿಕೆ ಕಳಿಸಿದರೆ, ನಿಮ್ಮ ಸರ್ವರ್ ಆ ಬಡಪಾಯಿಗೆ 512 ಬೈಟ್ ಕಳಿಸಿ, ಎಸಿಕೆ ಬರಲಿಲ್ಲವೆಂದು ಮತ್ತೆ ಮತ್ತೆ ಕಳಿಸುತ್ತದೆ. 2003ರ ಆಗಸ್ಟ್‌ನಲ್ಲಿ ಹಬ್ಬಿದ ಬ್ಲಾಸ್ಟರ್ ವರ್ಮ್ ತನ್ನನ್ನು ತಾನು ನಕಲು ಮಾಡಿಕೊಳ್ಳಲು ಬಳಸಿದ್ದು ಕೂಡ ವಿಂಡೋಸ್‌ನ ಈ ಟಿಎಫ್‌ಟಿಪಿ ಕ್ಲೈಂಟನ್ನೇ.

ಸಾಧನಗಳ ನಿರ್ವಹಣೆಗೆಂದೇ ಇರುವ ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ಒಳಗೇ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿ) ಇಡಿ, ಸರ್ವರ್ ಆ ಒಂದು ವಿಳಾಸದಲ್ಲಷ್ಟೇ ಕೇಳಿಸಿಕೊಳ್ಳಲಿ.

ದೊಡ್ಡ ಇಮೇಜ್‌ಗಳನ್ನು ಬೂಟ್ ಮಾಡಿಸಬೇಕು, ಟಿಎಫ್‌ಟಿಪಿ ಬಿಟ್ಟು ಬೇರೆ ದಾರಿ ಇಲ್ಲವೇ?

ಇದೆ, ಅದನ್ನೇ ಬಳಸಿ. ಟಿಎಫ್‌ಟಿಪಿಯಿಂದ ಐಪಿಎಕ್ಸ್‌ಇ ಎಂಬ ಪುಟ್ಟ ಬೂಟ್‌ಲೋಡರ್ ಒಂದನ್ನು ಮಾತ್ರ ತರಿಸಿ. ಅದಕ್ಕೆ ಎಚ್‌ಟಿಟಿಪಿ ಬರುತ್ತದೆ, ಕರ್ನೆಲ್ ಮತ್ತು ನೂರಾರು ಎಂಬಿಯ ಇಮೇಜನ್ನು ಅದು ಎಚ್‌ಟಿಟಿಪಿಯಿಂದ ಎಳೆದುಕೊಳ್ಳುತ್ತದೆ. 2015ರ ಯುಇಎಫ್‌ಐ 2.5ರಿಂದೀಚೆಗೆ ಫರ್ಮ್‌ವೇರೇ ನೇರವಾಗಿ ಎಚ್‌ಟಿಟಿಪಿ ಬೂಟ್ ಮಾಡಬಲ್ಲದು, ನಿಮ್ಮ ಯಂತ್ರದ ಸೆಟಪ್‌ನಲ್ಲಿ ಆ ಆಯ್ಕೆ ಇದೆಯೇ ನೋಡಿ.

ಕೆಲಸ ಮುಗಿದ ಮೇಲೆ ಸರ್ವರ್ ಹಾಗೇ ಓಡುತ್ತಿರಲಿ ಬಿಡಬಹುದೇ?

ಒಂದು ಸಲದ ಕೆಲಸವಾಗಿದ್ದರೆ 'ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಟಿಎಫ್‌ಟಿಪಿಡಿ-ಎಚ್‌ಪಿಎ' ಎಂದು ನಿಲ್ಲಿಸಿ, ಫೈರ್‌ವಾಲ್‌ನಲ್ಲಿ ತೆರೆದದ್ದನ್ನು ಮುಚ್ಚಿ. ರೂಟರ್‌ಗೆಂದು ಕಂಪ್ಯೂಟರಿಗೆ ಕೊಟ್ಟ 192.168.0.66 ಎಂಬ ಸ್ಥಿರ ವಿಳಾಸವನ್ನೂ ತೆಗೆದು ಡಿಎಚ್‌ಸಿಪಿಗೆ ಹಿಂದಿರುಗಿಸಿ. ಅದನ್ನು ಮರೆತರೆ ಮರುದಿನ ಕೇಬಲ್ ಹಾಕಿದಾಗ ಇಂಟರ್‌ನೆಟ್ ಬರುವುದಿಲ್ಲ, ಬೈಗುಳ ಹೊಸ ಫರ್ಮ್‌ವೇರ್‌ಗೆ ಬೀಳುತ್ತದೆ.